ನಿಮಗಿದು ಗೊತ್ತೇ? ಕಬ್ಬಿಣವಿದ್ದೂ ರಕ್ತಹೀನತೆ!

ಮೈಯಲ್ಲಿ ಕಬ್ಬಿಣ ಬೇಕಾದ್ದಕ್ಕಿಂತ ಹೆಚ್ಚಿದ್ದರೂ ರಕ್ತಹೀನತೆ ಬರಬಹುದು! ನಡುವಯಸ್ಸಿನ ಅಂಥ ಒಬ್ಬ ರೋಗಿಯ ವಿವರವನ್ನು ಇಟಲಿಯ ವೈದ್ಯರು 2007ರಲ್ಲಿ ಪ್ರಕಟಿಸಿದರು. ರಕ್ತ ಕೊಟ್ಟಷ್ಟೂ ಆತನ ರಕ್ತಹೀನತೆ ಉಲ್ಬಣಿಸಿತು. ಕಬ್ಬಿಣವನ್ನು ಹೊರಹಾಕುವ ಔಷಧಿ ಕೊಟ್ಟಾಗ ಒಂದಿಷ್ಟು ಸುಧಾರಿಸಿತು. ಕೆಟ್ಟಿದ್ದು ಗ್ಲುಟಾರೆಡಾಕ್ಸಿನ್-5 ಎಂಬ ಪುಟ್ಟ ಪ್ರೋಟೀನಿನ ಜೀನ್.

ಈ ಪ್ರೋಟೀನ್ ಕುಟುಂಬವನ್ನು 1976ರಲ್ಲಿ ಪತ್ತೆಹಚ್ಚಿದವರು ಸ್ಟಾಕ್‌ಹೋಮ್‌ನ ಕರೋಲಿನ್ಸ್ಕಾ ಸಂಸ್ಥೆಯ ಆರ್ನೆ ಹೋಮ್‌ಗ್ರೆನ್. ಡಿಎನ್‌ಎಯ ಬಿಡಿಭಾಗಗಳನ್ನು ತಯಾರಿಸಲು ಥಯೋರೆಡಾಕ್ಸಿನ್ ಎಂಬ ಇನ್ನೊಂದು ಪ್ರೋಟೀನ್ ನೆರವಾಗುತ್ತದೆ ಎಂಬುದು ಆಗ ತಿಳಿದಿತ್ತು. ಅದೇ ಇಲ್ಲದ ಇ. ಕೋಲೈ ಬ್ಯಾಕ್ಟೀರಿಯಾದಲ್ಲೂ ಆ ಕೆಲಸ ನಿಂತಿರಲಿಲ್ಲ. ಏಕೆಂದು ಹುಡುಕಿದಾಗ ಸಿಕ್ಕಿದ್ದು ಗ್ಲುಟಾರೆಡಾಕ್ಸಿನ್.

ಗಾತ್ರ? ಇ. ಕೋಲೈನ ಗ್ಲುಟಾರೆಡಾಕ್ಸಿನ್-1ರಲ್ಲಿ ಬರೀ 85 ಅಮೈನೋ ಆಮ್ಲಗಳು.

ಉತ್ಕರ್ಷಣದ ಹೊಡೆತಕ್ಕೆ ಸಿಕ್ಕ ಪ್ರೋಟೀನುಗಳ ಗಂಧಕಕ್ಕೆ ಗ್ಲುಟಾಥಯೋನ್ ಎಂಬ ಸಣ್ಣ ಅಣು ಅಂಟಿಕೊಳ್ಳುತ್ತದೆ. ಅಪಾಯ ಕಳೆದ ಮೇಲೆ ಅದನ್ನು ಬಿಡಿಸಿ ಪ್ರೋಟೀನನ್ನು ಮೊದಲಿನಂತಾಗಿಸುವುದು ಗ್ಲುಟಾರೆಡಾಕ್ಸಿನ್. ಇದಕ್ಕೆ ಬೇಕಾದ ಎಲೆಕ್ಟ್ರಾನುಗಳು ಬಹುಪಾಲು ಬರುವುದು ನಾವು ಉಣ್ಣುವ ಅನ್ನ, ರೊಟ್ಟಿ, ಮುದ್ದೆಯ ಗ್ಲೂಕೋಸಿನಿಂದಲೇ.

ಬಿಡಿಯಾಗಿ ಅಲೆಯುವ ಕಬ್ಬಿಣ ಜೀವಕೋಶಕ್ಕೆ ಅಪಾಯಕಾರಿ. ಹೈಡ್ರೋಜನ್ ಪೆರಾಕ್ಸೈಡ್ ಜೊತೆ ಸೇರಿದರೆ ಡಿಎನ್‌ಎಯನ್ನೇ ಕತ್ತರಿಸಬಲ್ಲ ಕಣಗಳು ಹುಟ್ಟುತ್ತವೆ. ಈ ರಸಾಯನಕ್ರಿಯೆಗೆ, 1894ರಲ್ಲಿ ಇದರ ಬಗ್ಗೆ ಬರೆದ ಹೆನ್ರಿ ಫೆಂಟನ್ ಅವರ ಹೆಸರೇ ಇದೆ. ಹಾಗಾಗಿ ಜೀವಕೋಶ ಕಬ್ಬಿಣವನ್ನು ಆದಷ್ಟೂ ಬಿಡಿಯಾಗಿ ಅಲೆಯಲು ಬಿಡುವುದಿಲ್ಲ. ಎರಡು ಗ್ಲುಟಾರೆಡಾಕ್ಸಿನ್, ಎರಡು ಗ್ಲುಟಾಥಯೋನ್ ಸೇರಿ ಕಬ್ಬಿಣ ಮತ್ತು ಗಂಧಕದ ತಲಾ ಎರಡು ಪರಮಾಣುಗಳ ಗುಚ್ಛವನ್ನು ನಡುವೆ ಹಿಡಿದುಕೊಂಡು, ಬೇಕಾದ ಪ್ರೋಟೀನಿಗೆ ದಾಟಿಸುತ್ತವೆ. ನನ್ನ ಮಟ್ಟಿಗೆ ಈ ಕುಟುಂಬದ ಅತಿ ಸೊಗಸಾದ ಕೆಲಸ ಇದೇ.

ಮನುಷ್ಯನ ಗ್ಲುಟಾರೆಡಾಕ್ಸಿನ್-2 ಇಂಥ ಗುಚ್ಛವನ್ನು ಹಿಡಿದಿರುವಷ್ಟು ಹೊತ್ತು ಕಿಣ್ವವಾಗಿ ಕೆಲಸ ಮಾಡುವುದಿಲ್ಲ. ಉತ್ಕರ್ಷಣದ ಒತ್ತಡ ಹೆಚ್ಚಿ ಗುಚ್ಛ ಕಳಚಿತೋ, ದುರಸ್ತಿ ಶುರು. 2005ರ ಶೋಧ ಇದು.

ಅದೇ ವರ್ಷ ‘ಶಿರಾಜ್’ ಎಂಬ ಜೀಬ್ರಾಮೀನು ಸುದ್ದಿಯಾಯಿತು. ಗ್ಲುಟಾರೆಡಾಕ್ಸಿನ್-5 ಕೊರತೆಯಿಂದ ಅದರ ರಕ್ತ ಕಳೆಗುಂದಿತ್ತು. ಗುಚ್ಛಗಳು ತಯಾರಾಗದಿದ್ದಾಗ ಜೀವಕೋಶದ ಕಬ್ಬಿಣ ಅಳೆಯುವ ಪ್ರೋಟೀನ್ ‘ಕಬ್ಬಿಣವೇ ಇಲ್ಲ’ ಎಂದು ತಪ್ಪಾಗಿ ಲೆಕ್ಕಹಾಕಿ, ಹೀಮ್ ಎಂಬ ಅಣುವಿನ ತಯಾರಿಕೆಯ ಮೊದಲ ಹೆಜ್ಜೆಯನ್ನೇ ತಡೆಯುತ್ತದೆ. ಹೀಮ್ ಇಲ್ಲದೆ ಹಿಮೋಗ್ಲೋಬಿನ್ ಎಲ್ಲಿಂದ ಬರಬೇಕು? ಇಟಲಿಯ ಆ ರೋಗಿಗೆ ಆಗಿದ್ದೂ ಇದೇ.

ಯೀಸ್ಟ್‌ನಲ್ಲಿ ಗ್ಲುಟಾರೆಡಾಕ್ಸಿನ್-5ರ ಜೀನ್ ತೆಗೆದರೆ ಅಲ್ಲೂ ಕಬ್ಬಿಣ ರಾಶಿಬೀಳುತ್ತದೆ, ಗುಚ್ಛಗಳು ಸರಿಯಾಗಿ ತಯಾರಾಗುವುದಿಲ್ಲ. ಆ ಯೀಸ್ಟ್‌ಗೆ ಮೀನಿನ ಜೀನ್ ಕೊಟ್ಟರೆ ಕೆಲಸ ಮತ್ತೆ ಸರಿಹೋಗುತ್ತದೆ! ಅಷ್ಟು ಹಳೆಯದು ಈ ವ್ಯವಸ್ಥೆ.

ಸಿಡುಬಿನ ಲಸಿಕೆಗೆ ಬಳಸಿದ ವ್ಯಾಕ್ಸಿನಿಯಾ ವೈರಸ್‌ಗೂ ಸ್ವಂತ ಗ್ಲುಟಾರೆಡಾಕ್ಸಿನ್ ಉಂಟು.

ಅರಾಬಿಡಾಪ್ಸಿಸ್ ಎಂಬ ಪುಟ್ಟ ಗಿಡದ ಹೂವಿಗೆ ನಾಲ್ಕು ಎಸಳು. ‘ರಾಕ್ಸಿ-1’ ಎಂಬ ಗ್ಲುಟಾರೆಡಾಕ್ಸಿನ್ ಕೆಟ್ಟರೆ ಎಸಳುಗಳೇ ಕಡಿಮೆಯಾಗುತ್ತವೆ.

ಕೊನೆಗೊಂದು ಮಾತು. ಗ್ಲುಟಾರೆಡಾಕ್ಸಿನ್-5ರ ಕಾಯಿಲೆ ಅತ್ಯಂತ ಅಪರೂಪ. ನಮ್ಮಲ್ಲಿ ಸಾಮಾನ್ಯವಾಗಿ ಕಾಣುವುದು ಕಬ್ಬಿಣದ ಕೊರತೆಯಿಂದಲೇ ಬರುವ ರಕ್ತಹೀನತೆ. ವೈದ್ಯರು ಬರೆದುಕೊಟ್ಟ ಕಬ್ಬಿಣದ ಮಾತ್ರೆಯನ್ನು ಇದನ್ನೋದಿ ದಯವಿಟ್ಟು ನಿಲ್ಲಿಸಬೇಡಿ. ಎಷ್ಟು ತಿಂಗಳು ನುಂಗಿದರೂ ಹಿಮೋಗ್ಲೋಬಿನ್ ಏರದಿದ್ದರೆ ಮತ್ತೆ ಅವರನ್ನೇ ಕಂಡು ಪರೀಕ್ಷೆ ಮಾಡಿಸಿಕೊಳ್ಳಿ.