ಭೂವಿನಿಯೋಗದ ನಿರ್ಣಯ ಮತ್ತು ರಾಜ್ಯಸರ್ಕಾರ

ಊರಿನ ಯಾವ ನೆಲವು ವಾಸಕ್ಕೆ, ಯಾವುದು ಉದ್ಯಮಕ್ಕೆ, ಯಾವುದು ಬಯಲಾಗಿಯೇ ಉಳಿಯತಕ್ಕದ್ದು ಎಂಬುದನ್ನು ನಿರ್ಣಯಿಸುವವರು ಯಾರು? 1961ರ ಮೈಸೂರು ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮವು ಯೋಜನೆಯನ್ನು ಸಿದ್ಧಪಡಿಸುವ ಹೊಣೆಯನ್ನು ಸ್ಥಳೀಯ ಯೋಜನಾ ಪ್ರಾಧಿಕಾರಕ್ಕೆ ವಹಿಸಿ, ಅನುಮೋದನೆಯ ಅಧಿಕಾರವನ್ನು ರಾಜ್ಯಸರ್ಕಾರದಲ್ಲಿಯೇ ಇರಿಸಿತು.

1992ರ 74ನೆಯ ಸಂವಿಧಾನ ತಿದ್ದುಪಡಿಯು ನಗರಯೋಜನೆಯನ್ನೂ ಭೂವಿನಿಯೋಗದ ನಿಯಂತ್ರಣವನ್ನೂ ಹನ್ನೆರಡನೆಯ ಅನುಸೂಚಿಯ ಮೊದಲೆರಡು ವಿಷಯಗಳನ್ನಾಗಿ ನಮೂದಿಸಿತು. ಆದರೆ 243-ಡಬ್ಲ್ಯು ಅನುಚ್ಛೇದದ ಮೇರೆಗೆ ಆ ಅಧಿಕಾರವನ್ನು ಪೌರಸಂಸ್ಥೆಗಳಿಗೆ ಕೊಡುವುದು ರಾಜ್ಯ ವಿಧಾನಮಂಡಲದ ವಿವೇಚನೆಗೆ ಸೇರಿದುದು.

ನದಿ, ಕಾಲುವೆ, ಹೆದ್ದಾರಿಗಳು ಊರಿನ ಎಲ್ಲೆಯನ್ನು ಮೀರುವುದರಿಂದ ರಾಜ್ಯದ ಮೇಲ್ವಿಚಾರಣೆ ಅವಶ್ಯವೇ ಸರಿ. ಆದರೆ ಮೇಲ್ವಿಚಾರಣೆಯೇ ನಿರ್ಣಯವಾಗಿ ಪರಿಣಮಿಸಿದಲ್ಲಿ, ಕೆರೆಯಂಗಳದಲ್ಲಿ ಬಡಾವಣೆ ಏಳುವಾಗ ಪೌರನು ಪ್ರಶ್ನಿಸಬಹುದಾದ ಪ್ರತಿನಿಧಿಯ ಕೈಯಲ್ಲಿ ಅದನ್ನು ತಡೆಯುವ ಅಧಿಕಾರವೇ ಇರುವುದಿಲ್ಲ. ಸ್ಥಾನಿಕ ಸ್ವಯಮಾಡಳಿತದ ಸತ್ತ್ವಪರೀಕ್ಷೆ ಇಲ್ಲಿಯೇ ನಡೆಯುತ್ತದೆ.