ಬಿಳಿಗಿರಿರಂಗನ ಬೆಟ್ಟ: ಸ್ಥಳನಾಮಗಳೂ ಸೋಲಿಗರ ಸಂಪ್ರದಾಯವೂ

ಮೈಸೂರು ಸೀಮೆಯ ಆಗ್ನೇಯ ಭಾಗದಲ್ಲಿ, ಇಂದಿನ ಚಾಮರಾಜನಗರ ಜಿಲ್ಲೆಯಲ್ಲಿ ಉತ್ತರದಕ್ಷಿಣವಾಗಿ ಹಬ್ಬಿರುವ ಬಿಳಿಗಿರಿರಂಗನ ಬೆಟ್ಟದ ಸಾಲು ಪಶ್ಚಿಮಘಟ್ಟಕ್ಕೂ ಪೂರ್ವಘಟ್ಟಕ್ಕೂ ಸೇತುವೆಯಂತಿರುವುದು. ಬುಡದಲ್ಲಿ ಮುಳ್ಳುಪೊದೆಗಳ ಕುರುಚಲು, ನಡುವೆ ಎಲೆಯುದುರುವ ಕಾಡು, ಮೇಲೆ ನಿತ್ಯಹರಿದ್ವರ್ಣದ ಕಾನು ಮತ್ತು ಹುಲ್ಲುಗಾವಲು, ಇವೆಲ್ಲವೂ ಒಂದೇ ದಿನದ ದಾರಿಯಲ್ಲಿ ಕಾಣಬರುವುದರಿಂದ ಯಾತ್ರಿಕರಿಗೂ ಪ್ರಕೃತಿಪ್ರಿಯರಿಗೂ ಈ ಬೆಟ್ಟವು ಸಮಾನವಾಗಿ ಪ್ರಿಯವಾಗಿದೆ. ಆದರೆ ಇದರ ಚರಿತ್ರೆಯನ್ನು ಅರಿಯಬಯಸುವವರಿಗೆ ರಾಜರ ದಾನಪತ್ರಗಳಷ್ಟೇ ಸಾಲವು. ಇಲ್ಲಿನ ಸ್ಥಳನಾಮಗಳೂ, ಬೆಟ್ಟದ ನಿವಾಸಿಗಳಾದ ಸೋಲಿಗರ ಹಾಡುಕತೆಗಳೂ ಗಣನೆಗೆ ಬಾರದಿದ್ದರೆ ಆ ಚರಿತ್ರೆಯು ಅಪೂರ್ಣವೆನಿಸುವುದು.

ಮೊದಲಿಗೆ ಬೆಟ್ಟದ ಹೆಸರನ್ನೇ ನೋಡಬಹುದು. ಸ್ಥಳಪುರಾಣವು ಇದನ್ನು ಶ್ವೇತಾದ್ರಿಯೆಂದು ಕರೆದು, ದೇವರನ್ನು ವಸಿಷ್ಠರು ಪ್ರತಿಷ್ಠಿಸಿದರೆಂದು ಹೇಳುವುದು. ಜನರ ಬಾಯಲ್ಲಿ ನಿಂತ ಹೆಸರಾದರೋ ಬಿಳಿಗಿರಿ. ಕನ್ನಡದ 'ಬಿಳಿ'ಯೂ ಸಂಸ್ಕೃತದ 'ಗಿರಿ'ಯೂ ಕೂಡಿದ ಈ ಪದವು ವೈಯಾಕರಣರ ದೃಷ್ಟಿಯಲ್ಲಿ ಅರಿಸಮಾಸ. ದೇವಾಲಯವು ನಿಂತಿರುವ ಬಿಳಿಯ ಬಂಡೆಯು ಈ ಹೆಸರಿಗೆ ಮೂಲವೆಂದು ಹೇಳುವುದುಂಟು. ಪುರಾಣದ ನುಡಿಯೂ ನಾಡಿನ ನುಡಿಯೂ ಒಂದೇ ಪದದಲ್ಲಿ ಬೆರೆತಂತೆ, ಕ್ಷೇತ್ರದ ಆರಾಧನೆಯಲ್ಲಿಯೂ ಎರಡು ಸಂಪ್ರದಾಯಗಳು ಬೆರೆತಿವೆ.

ಸೋಲಿಗರ ಕಥನದಂತೆ ರಂಗನಾಥನು ಕುಸುಮಾಲೆಯೆಂಬ ಸೋಲಿಗರ ಕನ್ಯೆಯನ್ನು ಒಲಿದು ವರಿಸಿದನು. ಆದಕಾರಣ ಅವರಿಗೆ ಆತನು ಕೇವಲ ಸ್ವಾಮಿಯಲ್ಲ, ಭಾವ. 'ರಂಗಭಾವ'ನೆಂದೇ ಅವರ ಸಂಬೋಧನೆ. ಅಹೋಬಲದ ನರಸಿಂಹನು ಚೆಂಚು ಕನ್ಯೆಯನ್ನು ವಿವಾಹವಾದ ಕಥೆಯೂ ಇದೇ ಬಗೆಯದು. ಕಾಡಿನ ಕುಲವೊಂದು ದೊಡ್ಡ ದೇವಾಲಯದೊಡನೆ ತನಗಿರುವ ಸಂಬಂಧವನ್ನು ನಂಟಿನ ಮಾತಿನಲ್ಲಿ ಸ್ಥಾಪಿಸಿಕೊಳ್ಳುವ ಕ್ರಮವಿದು. ಭಾವನೆಂಬ ಪದದಲ್ಲಿ ಸಲಿಗೆಯಿರುವಂತೆ ಹಕ್ಕೂ ಇದೆ. ದೇವರು ಕಾಡಿನಲ್ಲಿ ಸಂಚರಿಸಿ ಸವೆಸುವನೆಂಬ ನಂಬಿಕೆಯಿಂದ ಚರ್ಮದ ದೊಡ್ಡ ಪಾದರಕ್ಷೆಗಳನ್ನು ಸಮರ್ಪಿಸುವ ಪದ್ಧತಿಯೂ ಇಲ್ಲುಂಟು. ಗರ್ಭಗುಡಿಯ ದೇವರು ಇಲ್ಲಿ ಅಡವಿಯ ದೇವರೂ ಹೌದು.

ಸೋಲಿಗರು ತಮ್ಮ ನೆಲೆಗಳನ್ನು ಪೋಡುಗಳೆಂದು ಕರೆಯುವರು. ಅವರಲ್ಲಿ ಪ್ರತಿಯೊಂದು ಕುಲಕ್ಕೂ ಕಾಡಿನಲ್ಲಿ ತನ್ನದೇ ಆದ ಎಲ್ಲೆಯಿದ್ದು, ಅದರೊಳಗೆ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಎಂಬ ಪವಿತ್ರ ಸ್ಥಾನಗಳಿರುವುವು. ಕಲ್ಲುಗುಡಿಯು ಪೂರ್ವಿಕರ ಸಮಾಧಿಸ್ಥಾನ, ಅಬ್ಬಿಯು ನೀರಿನ ಸೆಲೆ. ಭಾರ್ಗವಿ ಹೊಳೆಯ ತಡಿಯಲ್ಲಿರುವ ದೊಡ್ಡ ಸಂಪಿಗೆಯು ನೋಡಬಂದವರಿಗೆ ಒಂದು ಮಹಾವೃಕ್ಷ. ಸೋಲಿಗರಿಗೆ ಅದೇ ಗುಡಿ. ಅರಣ್ಯವಿಹಾರಿಗಳಿಗೆ ಪರಿಚಿತವಾದ 'ಕೆ. ಗುಡಿ'ಯ ಪೂರ್ಣನಾಮವು ಕ್ಯಾತದೇವರ ಗುಡಿ. ಒಂದಕ್ಷರಕ್ಕೆ ಇಳಿದ ಹೆಸರಿನಲ್ಲಿ ದೇವರು ಮರೆಯಾದನು, ಸ್ಥಳ ಮಾತ್ರ ಉಳಿಯಿತು.

ಬರೆಹದ ಚರಿತ್ರೆಯಲ್ಲಿ ಬೆಟ್ಟದ ತಪ್ಪಲಿನ ಸಂಗತಿಗಳು ಸ್ಪಷ್ಟವಾಗಿವೆ. 1807ರಲ್ಲಿ ಯಳಂದೂರು ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಸಂದಿತು. ಅದೇ ವರ್ಷ ಪ್ರಕಟವಾದ ತನ್ನ ಪ್ರವಾಸಗ್ರಂಥದಲ್ಲಿ ಫ್ರಾನ್ಸಿಸ್ ಬುಕಾನನ್ ಸೋಲಿಗರನ್ನು ಪ್ರಸ್ತಾಪಿಸಿರುವನು. ಆದರೆ ಕುಲಗಳ ಎಲ್ಲೆಗಳು ನೆನಪಿನಲ್ಲಿಯೂ ಹಾಡಿನಲ್ಲಿಯೂ ಉಳಿದುಬಂದುವು. ಬರೆದಿಡದ ಹಕ್ಕು ಎಷ್ಟು ದುರ್ಬಲವೆಂಬುದು 1974ರಲ್ಲಿ ಈ ಪ್ರದೇಶವು ವನ್ಯಜೀವಿಧಾಮವಾದಾಗ ವ್ಯಕ್ತವಾಯಿತು. ಸೋಲಿಗರು ಹೊಲಗಳನ್ನು ಬದಲಿಸುತ್ತ ಮಾಡುತ್ತಿದ್ದ ಕೃಷಿಯೂ ಬೇಟೆಯೂ ನಿಂತುವು. ಬೇಸಗೆಯ ಮೊದಲಲ್ಲಿ ಒಣಗಿದ ಎಲೆಗಳನ್ನು ಮೆಲ್ಲನೆ ಸುಡುತ್ತಿದ್ದ 'ತರಗು ಬೆಂಕಿ'ಯೂ ನಿಷಿದ್ಧವಾಯಿತು. ಅಮೆರಿಕ ಖಂಡದಿಂದ ಬಂದ ಲಂಟಾನ ಪೊದೆಯು ಕಾಡನ್ನು ಮುತ್ತಿದುದಕ್ಕೂ, ನೆಲ್ಲಿಯ ಮರಗಳಲ್ಲಿ ಬಂದಳಿಕೆ ಹೆಚ್ಚಿದುದಕ್ಕೂ ಆ ನಿಷೇಧವೇ ಒಂದು ಕಾರಣವೆಂದು ಸೋಲಿಗರು ಹೇಳುತ್ತ ಬಂದರು. ಈಚಿನ ಸಂಶೋಧಕರು ಆ ಮಾತನ್ನು ಗಂಭೀರವಾಗಿ ಪರಿಶೀಲಿಸಿರುವರು.

2011ರಲ್ಲಿ ಈ ಧಾಮವು ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ, 2006ರ ಅರಣ್ಯಹಕ್ಕು ಕಾಯಿದೆಗೆ ಅನುಸಾರವಾಗಿ, ಸೋಲಿಗರ 25 ಗ್ರಾಮಸಭೆಗಳಿಗೆ ಸಾಮುದಾಯಿಕ ಹಕ್ಕುಗಳು ಮಾನ್ಯವಾದುವು. ಇದಕ್ಕೆ ಪೂರ್ವದಲ್ಲಿ ಸಂಶೋಧಕರು ಹಿರಿಯ ಸೋಲಿಗರೊಡನೆ ಕಾಡಿನಲ್ಲಿ ಸಂಚರಿಸಿ, ಎಲ್ಲೆಗಳನ್ನೂ ಪವಿತ್ರ ಸ್ಥಾನಗಳನ್ನೂ ಹೆಸರುಸಹಿತ ನಕ್ಷೆಗೆ ಇಳಿಸಿದ್ದರು. ಬಾಯಿಂದ ಬಾಯಿಗೆ ಬಂದ ಹೆಸರುಗಳು ಹೀಗೆ ಲೋಕದ ಕಣ್ಣಿಗೆ ಗೋಚರವಾದುವು.

ಆದ್ದರಿಂದ ಇಂತಹ ಪ್ರದೇಶಗಳಲ್ಲಿ ಸ್ಥಳನಾಮಗಳ ಸಂಗ್ರಹವು ಕೇವಲ ಭಾಷಾಶಾಸ್ತ್ರದ ಕುತೂಹಲವಲ್ಲ. ಅಬ್ಬಿಯ ಹೆಸರನ್ನು ಬಲ್ಲವರು ಆ ನೀರನ್ನು ಕಾಯ್ದವರ ಕುಲವನ್ನೂ ಬಲ್ಲರು. ಹೆಸರು ಅಳಿದೆಡೆಯಲ್ಲಿ ಆ ಕುಲದ ಸಾಕ್ಷ್ಯವೂ ಅಳಿಯುವುದು. ಕ್ಯಾತದೇವರ ಗುಡಿಯನ್ನು ಅದರ ಪೂರ್ಣನಾಮದಿಂದ ಕರೆಯುವುದು ಈ ದಿಕ್ಕಿನಲ್ಲಿ ಚಿಕ್ಕದಾದರೂ ಯೋಗ್ಯವಾದ ಆರಂಭವೆನಿಸುವುದು.