ತೊಳೆದು ಕೆಡಿಸಿದ ದಡ

ಕಾರಿನ ಡಿಕ್ಕಿಯಲ್ಲಿ ಟೆಂಟು ತುರುಕಿಕೊಂಡು ಇಂಗ್ಲೆಂಡಿನ ಕಾರ್ನ್‌ವಾಲ್ ಸುತ್ತುವವರಿಗೆ ಪೋರ್ತ್‌ಲೆವನ್‌ನಿಂದ ಗಾಡ್ರಿವಿ ಒಂದು ಗಂಟೆಯೊಳಗಿನ ದಾರಿ. ಎರಡೂ ಕಡೆ ಬಂಡೆ, ಉಪ್ಪುಗಾಳಿ. 1967ರಲ್ಲಿ ಎರಡಕ್ಕೂ ಎಣ್ಣೆ ಮೆತ್ತಿತ್ತು. ಗಾಡ್ರಿವಿ ಎರಡು-ಮೂರು ವರ್ಷಕ್ಕೆ ಸುಧಾರಿಸಿಕೊಂಡಿತು. ಪೋರ್ತ್‌ಲೆವನ್‌ಗೆ ಹತ್ತು-ಹದಿನೈದು ವರ್ಷ ಹಿಡಿಯಿತು. ಈ ಅಂತರಕ್ಕೆ ಕಾರಣ ಎಣ್ಣೆಯಲ್ಲ, ಅದನ್ನು ತೊಳೆಯಲು ತಂದ ಮದ್ದು.

ಆ ವರ್ಷದ ಮಾರ್ಚ್ 18ರಂದು ಸುಮಾರು 1.19 ಲಕ್ಷ ಟನ್ ಕುವೈತ್ ಕಚ್ಚಾತೈಲ ಹೊತ್ತ ‘ಟಾರಿ ಕ್ಯಾನಿಯನ್’ ಹಡಗು ಸೆವೆನ್ ಸ್ಟೋನ್ಸ್ ಬಂಡೆಸಾಲಿಗೆ ಬಡಿಯಿತು. ಅದಕ್ಕೆ ಬಾಂಬು ಹಾಕಿ ಸುಡಲು ಹೊರಟ ಸಾಹಸದ ಬಗ್ಗೆ ಬರೆದವರು ಬೇಕಾದಷ್ಟಿದ್ದಾರೆ. ನನಗೆ ಕುತೂಹಲ ದಡದ್ದು. ಈಸ್ಟರ್ ರಜೆ ಬಂದಿತ್ತು, ಬೇಸಿಗೆ ಬಾಗಿಲಲ್ಲಿತ್ತು. ಟೆಂಟು, ಕ್ಯಾರವಾನಿನವರು ಬಂದರಷ್ಟೇ ಎಷ್ಟೋ ಮನೆಗಳಲ್ಲಿ ಒಲೆ ಉರಿಯುತ್ತಿತ್ತು. ಹಾಗಾಗಿ ಮರಳಿನ ಕಪ್ಪು ಹೋಗಲೇಬೇಕಿತ್ತು. ಸುರಿದದ್ದು ಸುಮಾರು 10,000 ಟನ್ ಡಿಟರ್ಜೆಂಟ್. ಅದರಲ್ಲಿ ಹೆಸರಾದ ‘ಬಿಪಿ1002’ ಎಣ್ಣೆ ತರಿಸುತ್ತಿದ್ದ ಕಂಪನಿಯದೇ ಸರಕು!

ಕಪ್ಪು ಹೋಯಿತು, ಬಂಡೆಯ ಜೀವವೂ ಹೋಯಿತು. ಇಲ್ಲಿನ ಲಿಂಪೆಟ್ ಎಂದರೆ ಟೋಪಿಯಂಥ ಚಿಪ್ಪಿನ ಬಸವನಹುಳು. ನೀರೇರಿದಾಗ ಪಾಚಿ ಕೆರೆದು ತಿಂದು, ಮತ್ತೆ ತನ್ನದೇ ಜಾಗಕ್ಕೆ ಬಂದು ಕೂರುತ್ತದೆ. ಚಿಪ್ಪಿನಂಚು ಆ ಕಲ್ಲಿನ ಉಬ್ಬುತಗ್ಗಿಗೆ ಡಬ್ಬಿಯ ಮುಚ್ಚಳದಂತೆ ಕೂಡಿಕೊಳ್ಳುತ್ತದೆ. ಬೆರಳಲ್ಲಿ ಎಬ್ಬಲು ಹೋದರೆ ಉಗುರು ಮುರಿದೀತು. ಡಿಟರ್ಜೆಂಟ್ ತಗುಲಿದಲ್ಲಿ ಅಂಥವೇ ಹಿಡಿತ ಬಿಟ್ಟು ಉದುರಿದವು.

ಮೇಯುವವರಿಲ್ಲದ ಬಂಡೆ ಹಚ್ಚಹಸಿರಾಯಿತು. ನೋಡಿದವರಿಗೆ ಕಡಲು ಚೇತರಿಸಿಕೊಂಡಿತೆನ್ನಿಸಬೇಕು. ಅದು ಹಾಳುಬಿದ್ದ ಮನೆಯಂಗಳದ ಹಸಿರು. ಅದರ ಮೇಲೆ ಕಂದು ಕಡಲಕಳೆ ಬೆಳೆಯಿತು. ಆಮೇಲೆ ಮರಿ ಲಿಂಪೆಟ್‌ಗಳ ದಂಡು ಬಂತು, ಎಲ್ಲವನ್ನೂ ಮೇದು ಮುಗಿಸಿ ಹಸಿವಿನಿಂದ ಸತ್ತಿತು. ಪ್ಲಿಮತ್‌ನ ಕಡಲಜೀವಿ ವಿಜ್ಞಾನಿಗಳಾದ ಅಲನ್ ಮತ್ತು ಈವ್ ಸೌತ್‌ವರ್ಡ್ ದಂಪತಿ ಈ ಏರಿಳಿತವನ್ನು ವರ್ಷಗಟ್ಟಲೆ ಲೆಕ್ಕವಿಟ್ಟರು.

ಗಾಡ್ರಿವಿಯಲ್ಲಿ ಮಾತ್ರ ಸೀಲ್‌ಗಳಿಗೆ ತೊಂದರೆಯಾದೀತೆಂದು ಡಿಟರ್ಜೆಂಟ್ ಹಾಕಲಿಲ್ಲ. ಸೀಲ್‌ಗಳ ಮೇಲಿನ ಆ ದಾಕ್ಷಿಣ್ಯ ಲಿಂಪೆಟ್‌ಗಳನ್ನೂ ಕಾಯಿತು. ಉಳಿದವು ಪಾಚಿಯ ಜೊತೆ ಎಣ್ಣೆಯನ್ನೂ ಕೆರೆದು ಬಂಡೆ ಸ್ವಚ್ಛ ಮಾಡಿದವು.

ಟೆಂಟು ಹೊತ್ತು ಬರುವ ನಮ್ಮಂಥವರ ಅಂಗಾಲು ಕಪ್ಪಾಗದಿರಲೆಂದು ಪೋರ್ತ್‌ಲೆವನ್ ಅಷ್ಟು ವರ್ಷ ದಂಡ ತೆತ್ತಿತು. ಗಾಡ್ರಿವಿಯಲ್ಲಿ ನೀರಿಳಿದಾಗ ಬಗ್ಗಿ ನೋಡಿ: ಪ್ರತಿ ಲಿಂಪೆಟ್ಟೂ ತನ್ನ ಜಾಗದಲ್ಲೇ ಕೂತಿರುತ್ತದೆ.